ಟಮಿಯಾ ವೆದರಿಂಗ್ ಮಾಸ್ಟರ್ ‘ಬಿ’ ಸೆಟ್: ಪುಟ್ಟ ಎಂಜಿನ್ನಿಗೆ ಹಿತಮಿತವಾದ ಮಸಿ

ಪುಟ್ಟ ಮಾದರಿ ರೈಲು, ವಾಹನಗಳಿಗೆ ಬಳಸಿ ಹಳತಾದ ನೋಟ ಕೊಡಲು (ಇದನ್ನೇ ವೆದರಿಂಗ್ ಎನ್ನುತ್ತಾರೆ) ಜಪಾನಿನ ಟಮಿಯಾ ಕಂಪನಿ ತಯಾರಿಸುವ ಪುಡಿಬಣ್ಣದ ಸೆಟ್ ಇದು. ಮುಖಕ್ಕೆ ಹಚ್ಚುವ ಕಾಂಪ್ಯಾಕ್ಟ್ ಡಬ್ಬಿಯನ್ನೇ ಹೋಲುವ ಈ ಸೆಟ್ಟಿನಲ್ಲಿ ಹಿಮ, ಮಸಿ ಮತ್ತು ತುಕ್ಕಿನ ಬಣ್ಣದ ಮೂರು ಬಿಲ್ಲೆಗಳಿವೆ. ಹಚ್ಚಲು ಸ್ಪಂಜು ಮತ್ತು ಕುಂಚವಿರುವ ಪುಟ್ಟ ಕಡ್ಡಿಯಿದೆ. ಭಾರತೀಯ ರೈಲ್ವೆಯ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನಿನ 1:87 ಅಳತೆಯ (ನಿಜಗಾತ್ರದ 87ರಲ್ಲೊಂದು ಪಾಲು), ಅಂದರೆ ಎಚ್‌ಒ ಸ್ಕೇಲಿನ, ನನ್ನ ಮಾದರಿಯ ಮೇಲೆ ಇದನ್ನು ಬಳಸಿದ್ದೇನೆ.

ಪುಡಿಯಲ್ಲಿ ತುಸು ಜಿಗುಟಿನ ಅಂಶವಿರುವುದರಿಂದ ಅದು ಒಣ ಪುಡಿಯಂತೆ ಹಾರಿಹೋಗದೆ ಅಂಟಿಕೊಳ್ಳುತ್ತದೆ. ನಿಜವಾದ ಎಂಜಿನ್ನನ್ನು ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ಗಮನಿಸಿದವರಿಗೆ, ಮಸಿಯು ಹೊಗೆ ಹೊರಡುವ ಬಾಯಿಯ ಸುತ್ತ ದಟ್ಟವಾಗಿದ್ದು ಛಾವಣಿಯುದ್ದಕ್ಕೂ ತೆಳುವಾಗುತ್ತ ಹೋಗುತ್ತದೆಂಬುದೂ, ಚಕ್ರಗಳ ಚೌಕಟ್ಟಿನ ಮೇಲೆ ಬ್ರೇಕು ಸವೆದು ಉದುರಿದ ಕಂದು ಧೂಳು ಕೂತಿರುತ್ತದೆಂಬುದೂ ತಿಳಿದಿರುತ್ತದೆ. ಸ್ಪಂಜಿನ ಅಂಚಿಗೆ ಮಸಿ ತಾಗಿಸಿ, ಹೆಚ್ಚಿನದ್ದನ್ನು ಕಾಗದದ ಮೇಲೆ ಒರೆಸಿಕೊಂಡು ಆ ಬಾಯಿಯಿಂದ ಹಿಂದಕ್ಕೆ ಎರಡೇ ಬಾರಿ ಎಳೆದಾಗ, ಹೊಳೆಯುವ ಪ್ಲಾಸ್ಟಿಕ್ಕು ದುಡಿದ ಯಂತ್ರದಂತೆ ಕಂಡಿತು. ಆ ಕ್ಷಣದ ಸಂತೋಷ ದೊಡ್ಡದು. ಹಿಮದ ಬಿಳಿ ನಮ್ಮ ಕಡೆಯ ರೈಲುಗಳಿಗೆ ಹೆಚ್ಚು ಒದಗುವುದಿಲ್ಲ. ಆದರೆ ಮಸಿಯೊಂದಿಗೆ ಚೂರು ಬೆರೆಸಿದರೆ ಒಳ್ಳೆಯ ಧೂಳು ಬಣ್ಣ ಸಿಗುತ್ತದೆ.

ನುಣುಪಾದ ಮೇಲ್ಮೈಯಲ್ಲಿ ಪುಡಿ ಸರಿಯಾಗಿ ನಿಲ್ಲದ ಕಾರಣ ಮೊದಲು ಹೊಳಪಿಲ್ಲದ (ಮ್ಯಾಟ್) ವಾರ್ನಿಷ್ ಸಿಂಪಡಿಸುವುದು ಅಗತ್ಯ. ಕೊನೆಯಲ್ಲಿ ಮತ್ತೆ ವಾರ್ನಿಷ್ ಹೊಡೆದರೆ ಬಣ್ಣ ಮಂಕಾಗುತ್ತದೆ. ನನ್ನ ಮೊದಲ ಎಂಜಿನ್ನಿನ ಅರ್ಧ ಮಸಿ ಹೀಗೆಯೇ ಮಾಯವಾಯಿತು. ಈಗ ಛಾವಣಿಗೆ ಕೊನೆಯ ವಾರ್ನಿಷ್ ಹೊಡೆಯದೆ ಹಾಗೆಯೇ ಬಿಟ್ಟು, ಮಸಿ ಅಳಿಸದಂತೆ ಎಂಜಿನ್ನನ್ನು ಕೆಳಭಾಗದಲ್ಲಿ ಹಿಡಿದು ಎತ್ತುತ್ತೇನೆ. ಗಾಲಿಗಳು ಹಳಿಗೆ ತಾಗುವ ಭಾಗಕ್ಕೆ ಮಾತ್ರ ಪುಡಿ ಸೋಕಬಾರದು, ಏಕೆಂದರೆ ಮೋಟಾರಿಗೆ ವಿದ್ಯುತ್ ಬರುವುದು ಅಲ್ಲಿಂದಲೇ.