ಟೆಟ್ರಾನಾ, ಮೋಲಿನಾ? ಮೊದಲು ನಿಮ್ಮ ಮನೆ ನೀರು ನೋಡಿ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆಯ ಮೀನಿನ ತೊಟ್ಟಿ ಒಂದು, ಮಂಡ್ಯದಲ್ಲಿ ಅಕ್ಕನ ಮನೆಯದು ಇನ್ನೊಂದು. ಎರಡೂ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಮರಳು, ಕಲ್ಲು ಹಾಕಿ ಮೇಲೆ ಸ್ವಲ್ಪ ಜಾಗ ಬಿಟ್ಟರೆ ಸುಮಾರು 45 ಲೀಟರ್ ನೀರು ಹಿಡಿಯುತ್ತದೆ. ಫಿಲ್ಟರ್, ಹೀಟರ್ ಕೂಡ ಒಂದೇ ಥರದ್ದು. ನೀರು ಮಾತ್ರ ಬೇರೆ. ನಮಗೆ ನಲ್ಲಿಯಲ್ಲಿ ಕಾವೇರಿ ನೀರು ಬರುತ್ತದೆ. ಅಕ್ಕನ ಮನೆಯಲ್ಲಿ ಬೋರ್‌ವೆಲ್. ಅಲ್ಲಿ ಸೋಪು ನೊರೆ ಬರುವುದೇ ಕಷ್ಟ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಇಂಥದ್ದನ್ನೇ ಗಡಸು ನೀರು ಅನ್ನುವುದು; ನಮ್ಮದು ಅದಕ್ಕಿಂತ ಮೆದು.

ಎರಡು ವರ್ಷ ಎರಡೂ ಕಡೆ ಬೇರೆ ಬೇರೆ ಮೀನು ಸಾಕಿದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳುತ್ತೇನೆ. ಯಾವ ಮೀನಿಗೆ ಯಾವ ಮೀನು ಹೊಂದುತ್ತದೆ ಅನ್ನುವುದು ಎರಡನೇ ಪ್ರಶ್ನೆ. ನಿಮ್ಮ ಮನೆ ನೀರಿಗೆ ಯಾವ ಮೀನು ಹೊಂದುತ್ತದೆ ಅನ್ನುವುದೇ ಮೊದಲನೆಯದು.

ಇದು ಗೊತ್ತಾಗಿದ್ದು ನಿಯಾನ್ ಟೆಟ್ರಾದಿಂದ. ಒಂದೇ ದಿನ, ಒಂದೇ ಅಂಗಡಿಯಿಂದ 12 ಮೀನು ತಂದು ಆರಾರು ಹಂಚಿಕೊಂಡೆವು. ಆಗಲೇ ಎರಡೂ ತೊಟ್ಟಿ ಮೂರು ತಿಂಗಳು ಹಳೆಯವು, ನೀರಿನ ಬಿಸಿ ಎರಡರಲ್ಲೂ 25 ಡಿಗ್ರಿ. ಮೊದಲ ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಅಕ್ಕನ ಫೋನ್ ಶುರುವಾಯಿತು. "ಇವತ್ತೂ ಒಂದು ಹೋಯ್ತು ಕಣೋ, ನಾನೇನು ತಪ್ಪು ಮಾಡ್ದೆ?" ಅವಳ ತಪ್ಪೇನೂ ಇರಲಿಲ್ಲ. ಮೂರನೇ ವಾರಕ್ಕೆ ಅಲ್ಲಿ ಉಳಿದದ್ದು ಎರಡು, ನಮ್ಮಲ್ಲಿ ಐದು.

ಕಪ್ಪು ಮೋಲಿಯದು ಇದಕ್ಕೆ ತದ್ವಿರುದ್ಧ. ನಮ್ಮ ತೊಟ್ಟಿಯಲ್ಲಿ ರೆಕ್ಕೆ ಮುದುಡಿಕೊಂಡು, ನಿಂತಲ್ಲೇ ಮೈ ಅಲ್ಲಾಡಿಸುತ್ತಾ ಇರುತ್ತಿದ್ದವು. ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತಿತ್ತು. ಅವನ್ನೇ ಅಕ್ಕನ ಮನೆಗೆ ಒಯ್ದು, ಚೀಲಕ್ಕೆ ಆ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ ಒಂದು ಗಂಟೆ ಬಿಟ್ಟು ಒಳಗೆ ಬಿಟ್ಟೆ. ಹತ್ತು ದಿನದಲ್ಲಿ ರೆಕ್ಕೆ ಅರಳಿಸಿ ಓಡಾಡುತ್ತಿದ್ದವು.

ಐದಾರು ಮೀನಿನ ಲೆಕ್ಕ ದೊಡ್ಡ ಪುರಾವೆ ಅಲ್ಲ, ಒಪ್ಪುತ್ತೇನೆ. ಆದರೆ ಅವುಗಳ ಹುಟ್ಟೂರು ನೋಡಿದರೆ ಅರ್ಥವಾಗುತ್ತದೆ. ನಿಯಾನ್ ಟೆಟ್ರಾ ಅಮೆಜಾನ್ ಕಡೆಯದು. ಅಲ್ಲಿನ ನೀರು ಮೆದು, ಸ್ವಲ್ಪ ಹುಳಿ ಗುಣದ್ದು. ಮೋಲಿ ಮೆಕ್ಸಿಕೊ, ಮಧ್ಯ ಅಮೆರಿಕದ ಮೀನು. ಗಡಸು ನೀರು ಅದಕ್ಕೆ ಇಷ್ಟ, ಸ್ವಲ್ಪ ಉಪ್ಪಿದ್ದರೂ ತಡೆಯುತ್ತದೆ. ಗಪ್ಪಿ, ಪ್ಲಾಟಿ ಕೂಡ ಗಡಸು ನೀರಿನ ಕಡೆಗೇ ವಾಲುತ್ತವೆ, ಆದರೆ ಮೋಲಿಯಷ್ಟು ಹಟ ಮಾಡುವುದಿಲ್ಲ. ನಮ್ಮ ಕಾವೇರಿ ನೀರಿನಲ್ಲೂ ಗಪ್ಪಿ ಚೆನ್ನಾಗಿಯೇ ಇದ್ದವು.

ಗಪ್ಪಿಯ ತೊಂದರೆ ಒಂದೇ, ಮರಿ. ನಾಲ್ಕು ವಾರಕ್ಕೊಮ್ಮೆ ಇಪ್ಪತ್ತು, ಮೂವತ್ತು ಮರಿ ಹಾಕುತ್ತದೆ. ಒಮ್ಮೆ ಗಂಡಿನ ಜೊತೆ ಇದ್ದ ಹೆಣ್ಣು, ಆಮೇಲೆ ಗಂಡಿಲ್ಲದೆಯೂ ತಿಂಗಳುಗಟ್ಟಲೆ ಮರಿ ಹಾಕಬಲ್ಲದು. ಹಾಗಾಗಿ ಹೊಸಬರು ಗಂಡು ಗಪ್ಪಿಗಳನ್ನೇ ತನ್ನಿ, ಬಣ್ಣವೂ ಅವಕ್ಕೇ ಜಾಸ್ತಿ. ಮರಿ ಜಾಸ್ತಿಯಾಯಿತೆಂದು ದಯವಿಟ್ಟು ಕುಕ್ಕರಹಳ್ಳಿ ಕೆರೆಗೆ ಸುರಿಯಬೇಡಿ. ಹೊರಗಿನ ಮೀನು ನಮ್ಮ ಕೆರೆ ಮೀನಿನ ಬದುಕು ಕೆಡಿಸುತ್ತದೆ.

ಅಕ್ಕನ ಮಗನಿಗೆ ಗೋಲ್ಡ್ ಫಿಶ್ಶೇ ಬೇಕಿತ್ತು. ಗಪ್ಪಿ ಜೊತೆ ಎರಡು ಬಿಟ್ಟೆವು. ಅದು ತಂಪು ನೀರಿನ ಮೀನು, 18ರಿಂದ 22 ಡಿಗ್ರಿ ಇದ್ದರೆ ಹಿತ. ಗಪ್ಪಿಗೆ 24ರಿಂದ 28 ಬೇಕು. ಜೊತೆಗೆ ಗೋಲ್ಡ್ ಫಿಶ್ ತಿನ್ನುವುದೂ ಜಾಸ್ತಿ, ಗಲೀಜೂ ಜಾಸ್ತಿ. ನೀರು ಬದಲಿಸಿದ ಮೂರನೇ ದಿನಕ್ಕೇ ವಾಸನೆ. ಬಾಯಿಗೆ ಸಿಕ್ಕ ಗಪ್ಪಿ ಮರಿಯನ್ನೆಲ್ಲ ನುಂಗಿತು. ಕೊನೆಗೆ ದೊಡ್ಡ ಸಿಮೆಂಟ್ ತೊಟ್ಟಿ ಇರುವ ಪರಿಚಯದವರಿಗೆ ಕೊಟ್ಟೆವು. ಗೋಲ್ಡ್ ಫಿಶ್ ಬೇಕೇ ಬೇಕಾದರೆ ಅದನ್ನಷ್ಟೇ ಸಾಕಿ, ದೊಡ್ಡ ತೊಟ್ಟಿಯಲ್ಲಿ.

ಟೈಗರ್ ಬಾರ್ಬ್ ನನಗೆ ಇಷ್ಟವಾದ ಮೀನು. ಆದರೆ ಏಂಜಲ್ ಮೀನಿನ ಜೊತೆ ನಾಲ್ಕು ಬಾರ್ಬ್ ಬಿಟ್ಟೆ, ವಾರದಲ್ಲಿ ಏಂಜಲ್‌ನ ಉದ್ದ ರೆಕ್ಕೆ ಹರಿದು ಚಿಂದಿ. ಎಂಟರ ಗುಂಪು ಮಾಡಿ ಬೇರೆ ಇಟ್ಟರೆ ತಮ್ಮತಮ್ಮಲ್ಲೇ ಅಟ್ಟಾಡಿಸಿಕೊಂಡು ಇರುತ್ತವೆ. ಏಂಜಲ್ ಕೂಡ ಸಾಧು ಅಲ್ಲ, ದೊಡ್ಡದಾದರೆ ನಿಯಾನನ್ನು ತಿನ್ನುತ್ತದೆ. ಫೈಟರ್ ಮೀನು ತೊಟ್ಟಿಗೆ ಒಂದೇ ಇರಲಿ. ಉದ್ದ ಬಾಲದ ಗಪ್ಪಿಯನ್ನೂ ಅದು ಎದುರಾಳಿ ಅಂದುಕೊಳ್ಳುತ್ತದೆ.

ಎರಡೂ ನೀರಿಗೆ ಒಗ್ಗಿದ್ದು ಜೀಬ್ರಾ ಡೇನಿಯೊ. ನಮ್ಮ ದೇಶದ್ದೇ ಮೀನು, ಅಗ್ಗ, ಗಟ್ಟಿ. ಡಿಸೆಂಬರಿನ ಒಂದು ರಾತ್ರಿ ಕರೆಂಟ್ ಹೋಗಿ ನೀರು 20 ಡಿಗ್ರಿಗೆ ಇಳಿದಾಗಲೂ ಅವು ಅಲುಗಲಿಲ್ಲ. ಹೊಸ ತೊಟ್ಟಿಗೆ ಮೊದಲು ಇವುಗಳಲ್ಲಿ ನಾಲ್ಕೈದು ಬಿಡಿ. ಗಲೀಜಿನಿಂದ ಬರುವ ಅಮೋನಿಯಾ ಎಂಬ ವಿಷವನ್ನು ಬೇರೆ ರೂಪಕ್ಕೆ ಬದಲಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಊಟ ಕಡಿಮೆ ಹಾಕಿ, ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಿಯೇ ಬಳಸಿ.

ಈಗ ನಮ್ಮಲ್ಲಿ ನಿಯಾನ್ ಎಂಟು, ತಳದಲ್ಲಿ ಓಡಾಡುವ ಕೋರಿ ನಾಲ್ಕು. ಅಕ್ಕನ ಮನೆಯಲ್ಲಿ ಮೋಲಿ ಮೂರು, ಗಂಡು ಗಪ್ಪಿ ಆರು, ಜೀಬ್ರಾ ಐದು. ಹೋದ ತಿಂಗಳು ಅಂಗಡಿಯವರು ಪಾಚಿ ತಿನ್ನುತ್ತದೆ ಅಂತ ಬೆರಳುದ್ದದ ಸಕ್ಕರ್ ಮೀನು ತೋರಿಸಿದರು. ಅದು ಒಂದಡಿ ಮೀರಿ ಬೆಳೆಯುವ ಮೀನು. ಅಕ್ಕನೇ ಬೇಡ ಅಂದು, ಪಾಚಿ ಉಜ್ಜುವ ಬ್ರಷ್ ಕೊಂಡಳು.