ನಮ್ಮೂರ ಅಂಚೆ: ಸ್ಪೀಡ್ ಪೋಸ್ಟ್ ಪರವಾಗಿಲ್ಲ, ಸಾದಾ ಕವರಿಗೆ ದಿಕ್ಕಿಲ್ಲ

ನಾನು ತರಕಾರಿ ಬೀಜ ಕೊಟ್ಟು ತಗೊಂಡು ಮಾಡುವವಳು. ಶಿರಸಿ ಕಡೆಯ ಗೆಳತಿಗೆ ಹಾಲುಬೆಂಡೆ ಬೀಜ ಕಳಿಸಿದರೆ ಅವಳು ಮೊಗೆಸೌತೆ ಬೀಜ ಕಳಿಸುತ್ತಾಳೆ. ಎಲ್ಲವೂ 5 ರೂಪಾಯಿಯ ಕವರಿನಲ್ಲಿ, ಸಾದಾ ಟಪಾಲಿನಲ್ಲಿ. ಹಾಗಾಗಿ ನಮ್ಮ ಮಲೆನಾಡಿನ ಬ್ರಾಂಚ್ ಪೋಸ್ಟಾಫೀಸು ಹೇಗೆ ನಡೆಯುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಕಳೆದ ಬೇಸಿಗೆಯ ಕೊನೆಗೆ ಹೀರೆ, ಅಲಸಂಡೆ ಬೀಜ ಬರಬೇಕಿತ್ತು. ಮೃಗಶಿರಾ ಮಳೆ ಹಿಡಿಯುವ ಮೊದಲು ಊರಿದರೆ ಮಾತ್ರ ಬಳ್ಳಿ ಗಟ್ಟಿಯಾಗುತ್ತದೆ. ಕವರು ಸಿಕ್ಕಿದ್ದು ಮಳೆ ಜೋರಾದ ಮೇಲೆ. ಅದೂ ಮನೆಯಲ್ಲಲ್ಲ, ಬಸ್‌ಸ್ಟಾಪಿನ ಅಂಗಡಿಯಲ್ಲಿ. "ಅಕ್ಕಾ, ಇದು ನಿಮ್ದೇ ಅಲ್ವಾ? ಯಾವಾಗ ಬಂತೋ ಗೊತ್ತಿಲ್ಲ" ಅಂದ ಅಂಗಡಿ ಹುಡುಗ. ಕವರು ಒದ್ದೆ. ಬೀಜಕ್ಕೆ ಬೂಷ್ಟು.

ನನ್ನ ಕವರು ಬಿದ್ದಿದ್ದ ಅಂಗಡಿಯ ಟ್ರೇಯಲ್ಲೇ ಮದುವೆ ಕಾಗದ, ಸೊಸೈಟಿಯ ಸಭೆ ನೋಟಿಸು, ಯಾರದ್ದೋ ಬ್ಯಾಂಕಿನ ಪತ್ರ. ಬೀಡಿ ತಗೊಳ್ಳಲು ಬಂದವರು ಸುಮ್ನೆ ತಿರುಗಿಸಿ ನೋಡಬಹುದು. ತಡವಾಗುವುದಕ್ಕಿಂತ ಇದು ನನಗೆ ಜಾಸ್ತಿ ಬೇಸರ. ಸಾಲದ ನೋಟಿಸು ಊರಿಗೆಲ್ಲ ಗೊತ್ತಾಗಬೇಕಾ?

ಅಂಚೆಯಣ್ಣನನ್ನು ನಾನು ದೂರುವುದಿಲ್ಲ. ಅವರು ಗ್ರಾಮೀಣ ಡಾಕ್ ಸೇವಕ. ಸಂಬಳ ದಿನಕ್ಕೆ ನಾಲ್ಕೈದು ಗಂಟೆಯ ಲೆಕ್ಕದಲ್ಲಿ. ಇಲಾಖೆಯ ಕಾಯಂ ನೌಕರರಿಗೆ ಸಿಗುವುದೆಲ್ಲ ಅವರಿಗೆ ಸಿಗುವುದಿಲ್ಲ. ಓಡಾಟ ಸ್ವಂತ ಬೈಕಿನಲ್ಲಿ. ಇಲ್ಲಿ ಮನೆಗಳು ತೋಟದ ನಡುವೆ, ಗುಡ್ಡದ ಆಚೆ, ಒಂದಕ್ಕೊಂದು ದೂರ. ಪಕ್ಕದ ಊರಿನ ಹುದ್ದೆ ಖಾಲಿ ಇದ್ದಾಗ ಅದೂ ಇವರ ತಲೆಗೇ. ಅಂಗಡಿಯಲ್ಲಿ ಕೊಟ್ಟು ಹೋಗದೆ ಇನ್ನೇನು ಮಾಡುತ್ತಾರೆ?

ಸ್ಪೀಡ್ ಪೋಸ್ಟ್ ಮಾತ್ರ ಬೇರೆಯೇ. ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ಎಲ್ಲ ಮನೆ ಬಾಗಿಲಿಗೇ ಬಂದಿವೆ. ಫೋನ್ ಮಾಡಿ "ಮನೇಲಿದ್ದೀರಾ ಅಕ್ಕಾ?" ಅಂತ ಕೇಳಿಯೇ ಬರುತ್ತಾರೆ. ಏಕೆಂದರೆ ಅದಕ್ಕೆ ಬಾರ್‌ಕೋಡ್ ಇದೆ, ಎಲ್ಲಿ ನಿಂತಿತು ಅಂತ ಮೇಲಿನವರಿಗೆ ಕಾಣುತ್ತದೆ. ಸಾದಾ ಕವರು ಎಲ್ಲಿ ನಿಂತರೂ ಯಾರಿಗೂ ಕಾಣುವುದಿಲ್ಲ.

ಹಾಗಾದರೆ ಸ್ಪೀಡ್ ಪೋಸ್ಟೇ ಮಾಡಿ ಅನ್ನಬಹುದು. ಮೊದಲು ನಡುವೆ ಒಂದು ದಾರಿ ಇತ್ತು: ರಿಜಿಸ್ಟರ್ಡ್ ಪೋಸ್ಟ್. ಸಣ್ಣ ಕಾಗದಕ್ಕೆ 22 ರೂಪಾಯಿ. 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದರು. ಈಗ ಹೊರ ಊರಿಗೆ 50 ಗ್ರಾಮಿನವರೆಗೆ 47 ರೂಪಾಯಿ, ಮೇಲೆ ಜಿಎಸ್‌ಟಿ. ಹಿಡಿ ಬೀಜಕ್ಕೆ ಇಷ್ಟು ಕೊಡಲು ಯಾರಿಗೆ ಮನಸ್ಸು ಬರುತ್ತದೆ? ಬೀಜ ಹಂಚುವುದೇ ನಿಂತುಹೋಗುತ್ತದೆ ಅನ್ನುವುದು ನನ್ನ ಭಯ.

ದೂರು ಕೊಡಲು ಹೋದರೆ ಮೊದಲು ಕೇಳುವುದೇ ಆರ್ಟಿಕಲ್ ನಂಬರ್, ಅಂದರೆ ಬಾರ್‌ಕೋಡಿನ ಜೊತೆ ಇರುವ ನಂಬರ್. ಸಾದಾ ಕವರಿಗೆ ನಂಬರ್ ಎಲ್ಲಿಂದ ತರುವುದು? 1898ರ ಅಂಚೆ ಕಾಯ್ದೆ ಹೋಗಿ 2023ರದ್ದು ಬಂತು, 2024ರ ಜೂನ್‌ನಲ್ಲಿ ಜಾರಿಯೂ ಆಯಿತು. ಹೊಸದರಲ್ಲೂ ನಿಯಮದಲ್ಲಿ ಹೇಳಿದಷ್ಟನ್ನು ಬಿಟ್ಟರೆ ಅಂಚೆ ಇಲಾಖೆಗೆ ಹೊಣೆ ಇಲ್ಲ. 5 ರೂಪಾಯಿಯ ಸ್ಟಾಂಪ್ ಹಚ್ಚಿದವರೂ ದುಡ್ಡು ಕೊಟ್ಟವರೇ ತಾನೇ? ಖಾಲಿ ಹುದ್ದೆ ತುಂಬಲಿ, ಅಂಗಡಿಯ ಹತ್ತಿರ ಮನೆಗೊಂದರಂತೆ ಬೀಗದ ಪೆಟ್ಟಿಗೆ ಇಡಲು ಜಾಗ ಮಾಡಿಕೊಡಲಿ. ಪೆಟ್ಟಿಗೆಯ ಖರ್ಚು ನಾವೇ ಹಾಕಿಕೊಳ್ಳುತ್ತೇವೆ ಅಂತ ಅಕ್ಕಪಕ್ಕದ ಮನೆಯವರೆಲ್ಲ ಸೇರಿ ನಮ್ಮ ಬ್ರಾಂಚಿನ ಮೇಲಿನ ಸಬ್ ಪೋಸ್ಟಾಫೀಸಿಗೆ ಬರೆದುಕೊಟ್ಟಿದ್ದೇವೆ.

ನನ್ನ ಅಂಕ: ಸ್ಪೀಡ್ ಪೋಸ್ಟಿಗೆ 5ಕ್ಕೆ 4, ಸಾದಾ ಟಪಾಲಿಗೆ 1. ಮಲೆನಾಡಿಗೆ ಬೀಜ ಕಳಿಸುವವರು ಏಪ್ರಿಲ್ ಒಳಗೇ ಕಳಿಸಿ. ಬೀಜವನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆಮೇಲೆ ಕವರಿಗೆ ಸೇರಿಸಿ. ವಿಳಾಸದ ಕೆಳಗೆ ಮೊಬೈಲ್ ನಂಬರ್ ದೊಡ್ಡದಾಗಿ ಬರೆಯಿರಿ. ನಂಬರ್ ಕಂಡರೆ ನಮ್ಮ ಅಂಚೆಯಣ್ಣ ಸಾದಾ ಕವರಿಗೂ ಒಮ್ಮೊಮ್ಮೆ ಫೋನ್ ಮಾಡುತ್ತಾರೆ.