ಫಾರ್ಮ್ಯಾಟ್ ಹೊಡೆಯದೆ ನೆಟ್ ವಾಪಸ್ ತಂದುಕೊಟ್ಟ ಅಂಗಡಿ

ದಾವಣಗೆರೆಯಲ್ಲಿ ಆಫೀಸ್ ಸಿಸ್ಟಮ್ ರಿಪೇರಿಗೆ ಯಾರನ್ನು ಕರೆಯೋದು ಅಂತ ಹುಡುಕುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಪಿ.ಬಿ. ರಸ್ತೆಯಿಂದ ಒಳಗೆ ಹೋಗುವ ಅಡ್ಡರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಯ ಮಹಡಿ ಮೇಲೆ, ಇಬ್ಬರು ಹುಡುಗರು ನಡೆಸುವ ಪುಟ್ಟ ಸರ್ವಿಸ್ ಅಂಗಡಿ ಇದು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಯಾಕೆ ಕಳೆದೆ ಅಂತಲೂ ಹೇಳುತ್ತೇನೆ.

ನಮ್ಮದು ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸು. ಐದು ಸಿಸ್ಟಮ್, ಒಂದು ರೌಟರ್, ಎಲ್ಲಾ ಲ್ಯಾನ್‌ನಲ್ಲಿ, ಅಂದರೆ ಆಫೀಸಿನೊಳಗೇ ಒಂದಕ್ಕೊಂದು ಸೇರಿಕೊಂಡಿವೆ. ಲೆಕ್ಕ ಇಡುವ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ ಇರುವುದು ಒಂದರಲ್ಲಿ, ಉಳಿದ ನಾಲ್ಕೂ ಅದರಿಂದಲೇ ತೆಗೆದುಕೊಂಡು ಕೆಲಸ ಮಾಡುತ್ತವೆ. ವೈರಸ್ ಬಂದಿದ್ದೂ ಅದೇ ಸಿಸ್ಟಮ್‌ಗೆ. ಪಿಡಿಎಫ್ ಅನ್ನು ಎಕ್ಸೆಲ್ ಮಾಡಿಕೊಳ್ಳೋಣ ಅಂತ ನಮ್ಮ ಆಫೀಸಿನವರು ಯಾವುದೋ ಫ್ರೀ ಸಾಫ್ಟ್‌ವೇರ್ ಹಾಕಿಕೊಂಡಿದ್ದರು. ಎರಡೇ ದಿನದಲ್ಲಿ ಗೂಗಲ್‌ನಲ್ಲಿ ಏನು ಹುಡುಕಿದರೂ ಬೇರೆ ಯಾವುದೋ ಪುಟ ತೆರೆದುಕೊಳ್ಳುತ್ತಿತ್ತು, ಸ್ಕ್ರೀನಿನ ಮೂಲೆಯಲ್ಲಿ ಜಾಹೀರಾತು ಮೇಲಿಂದ ಮೇಲೆ ಬರುತ್ತಿತ್ತು.

ಮೊದಲು ಬೇರೆ ಒಂದು ಕಡೆ ಕೊಟ್ಟೆವು. ಅವರು ಒಂದು ದಿನ ಇಟ್ಟುಕೊಂಡು ವೈರಸ್ ತೆಗೆದರು, ದುಡ್ಡು ತಗೊಂಡರು. ಸಿಸ್ಟಮ್ ತಂದು ಹಾಕಿದರೆ ನೆಟ್ಟೇ ಇಲ್ಲ! ಟ್ಯಾಲಿ ಓಡುತ್ತಿದೆ, ಪ್ರಿಂಟರ್‌ಗೆ ಪ್ರಿಂಟ್ ಹೋಗುತ್ತಿದೆ, ಪಕ್ಕದ ಸಿಸ್ಟಮ್‌ನ ಫೋಲ್ಡರ್ ತೆರೆಯುತ್ತಿದೆ, ಆದರೆ ಕ್ರೋಮ್‌ನಲ್ಲಿ ಒಂದು ಪುಟವೂ ಬರುತ್ತಿಲ್ಲ. ಪ್ರಾಕ್ಸಿ ಸರ್ವರ್‌ನಲ್ಲಿ (ನೆಟ್‌ಗೂ ನಮಗೂ ನಡುವೆ ನಿಲ್ಲುವ ಸರ್ವರ್) ಏನೋ ತೊಂದರೆ ಅಂತ ತೋರಿಸುತ್ತದೆ. ಫೋನ್ ಮಾಡಿದರೆ ಅಲ್ಲಿಂದ ಬಂದ ಉತ್ತರ, 'ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಹೊಡೀಬೇಕು.'

ಅವತ್ತು 18ನೇ ತಾರೀಖು. 20ಕ್ಕೆ ತಿಂಗಳ ಜಿಎಸ್‌ಟಿ ರಿಟರ್ನ್, ಅಂದರೆ ಜಿಎಸ್‌ಟಿಆರ್-3ಬಿ, ಹಾಕಲು ಕಡೇ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆ ಮೇಲೆ ವರ್ಷಕ್ಕೆ ಶೇ. 18ರ ಲೆಕ್ಕದಲ್ಲಿ ಬಡ್ಡಿ, ಅದೂ ಒಬ್ಬ ಕ್ಲೈಂಟ್‌ಗಲ್ಲ, ಬಾಕಿ ಇರುವ ಒಬ್ಬೊಬ್ಬರಿಗೂ. ಕಂಪನಿ ಕ್ಲೈಂಟ್‌ಗಳ ಡಿಜಿಟಲ್ ಸಹಿಯ ಡ್ರೈವರ್, ಪೋರ್ಟಲ್‌ನಲ್ಲಿ ಆ ಸಹಿ ಹಾಕಿಸುವ ಎಂಸೈನರ್ ಎಲ್ಲಾ ಇರುವುದು ಅದೊಂದೇ ಸಿಸ್ಟಮ್‌ನಲ್ಲಿ. ಫಾರ್ಮ್ಯಾಟ್ ಅಂದರೆ ಟ್ಯಾಲಿ ಲೈಸೆನ್ಸ್‌ನಿಂದ ಹಿಡಿದು ಕನ್ನಡ ಟೈಪಿಂಗ್‌ನ ನುಡಿ ತನಕ ಮತ್ತೆ ಹಾಕಬೇಕು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪರಿಚಯದವರು ಅವತ್ತೇ ಈ ಹುಡುಗರ ನಂಬರ್ ಕೊಟ್ಟಿದ್ದರು. 19ರ ಬೆಳಿಗ್ಗೆ ಹನ್ನೊಂದಕ್ಕೆ ಒಬ್ಬ ಬಂದ. ಬಂದವನೇ ಮೌಸ್ ಮುಟ್ಟಲಿಲ್ಲ. ಯಾವತ್ತಿಂದ ಹೀಗಾಗಿದೆ, ಏನು ಹಾಕಿದ್ದಿರಿ, ಯಾರು ಏನು ತೆಗೆದರು ಅಂತ ಎಲ್ಲಾ ಕೇಳಿಕೊಂಡ. ಆಮೇಲೆ ಟ್ಯಾಲಿ ಡೇಟಾವನ್ನು ನಮ್ಮ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿಸಿದ. ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ ತೆರೆದು ಸಿಸ್ಟಮ್‌ನ ಐಪಿ (ಲ್ಯಾನ್‌ನಲ್ಲಿ ಅದರ ವಿಳಾಸ), ಗೇಟ್‌ವೇ (ಹೊರಗೆ ಹೋಗುವ ದಾರಿ), ಡಿಎನ್‌ಎಸ್ ನಂಬರುಗಳನ್ನು ಒಂದು ಹಾಳೆಯಲ್ಲಿ ಪೆನ್ನಿನಲ್ಲಿ ಬರೆದುಕೊಂಡ. 'ನೆಟ್‌ವರ್ಕ್ ಸೆಟ್ಟಿಂಗ್ಸ್ ಪೂರ್ತಿ ರೀಸೆಟ್ ಹೊಡೆದ್ರೆ ನಿಮ್ಮ ಫಿಕ್ಸ್ಡ್ ಐಪಿ ಹೋಗುತ್ತೆ ಮೇಡಂ, ಆಮೇಲೆ ಉಳಿದ ನಾಲ್ಕರಲ್ಲೂ ಟ್ಯಾಲಿ ಸಿಗಲ್ಲ' ಅಂದ. ನನಗೆ ಅವನ ಮೇಲೆ ನಂಬಿಕೆ ಬಂದಿದ್ದು ಅಲ್ಲೇ.

ಮೊದಲು 8.8.8.8ಕ್ಕೆ, ಅಂದರೆ ಗೂಗಲ್‌ನ ಒಂದು ಸರ್ವರ್ ನಂಬರಿಗೆ, ಉತ್ತರ ಬರುತ್ತದಾ ಅಂತ ನೋಡಲು ಪಿಂಗ್ ಕೊಟ್ಟ. ಟಕಟಕ ಅಂತ ಉತ್ತರ ಬಂತು. ಗೂಗಲ್ ಹೆಸರು ಹಾಕಿ ಕೊಟ್ಟ, ಬರಲಿಲ್ಲ. ಅಂದರೆ ಕೇಬಲ್ ಸರಿಯಿದೆ, ರೌಟರ್ ಸರಿಯಿದೆ, ಹೆಸರನ್ನು ನಂಬರ್ ಮಾಡಿಕೊಡುವ ಡಿಎನ್‌ಎಸ್ ಮಾತ್ರ ಕೆಟ್ಟಿದೆ. ವೈರಸ್ ಅಲ್ಲಿ ತನ್ನದೊಂದು ನಂಬರ್ ತುಂಬಿ ಹೋಗಿತ್ತು. ಇದೇನು ಹೊಸ ಕಾಯಿಲೆ ಅಲ್ಲ. ಡಿಎನ್‌ಎಸ್ ಚೇಂಜರ್ ಅಂತ ಒಂದು ವೈರಸ್ ಇತ್ತು, ಅದರ ಗ್ಯಾಂಗನ್ನು 2011ರಲ್ಲಿ ಹಿಡಿದ ಮೇಲೂ ಜನರ ನೆಟ್ ನಿಂತುಹೋಗದಿರಲಿ ಅಂತ ಬದಲಿ ಸರ್ವರ್ ಇಟ್ಟು ನಡೆಸಬೇಕಾಯಿತು, 2012ರ ಜುಲೈ 9ಕ್ಕೆ ಅದನ್ನು ನಿಲ್ಲಿಸಿದಾಗ ಸರಿಮಾಡಿಕೊಳ್ಳದೇ ಇದ್ದ ಹಲವರಿಗೆ ನಮ್ಮ ಹಾಗೇ ಆಯಿತು.

ಇನ್ನೊಂದು ಗಂಟು ಪ್ರಾಕ್ಸಿ. ಸೆಟ್ಟಿಂಗ್ಸ್ ತೆಗೆದು ತೋರಿಸಿದ, ಅಲ್ಲಿ 127.0.0.1 ಅಂತ ಇತ್ತು. ಅದು ಇದೇ ಸಿಸ್ಟಮ್‌ನ ವಿಳಾಸವಂತೆ. ವೈರಸ್ ಒಳಗೇ ಕೂತು ನಮ್ಮ ನೆಟ್ಟೆಲ್ಲ ತನ್ನ ಮೂಲಕವೇ ಹೋಗುವ ಹಾಗೆ ಮಾಡಿಕೊಂಡಿತ್ತು. ಮೊದಲಿನವರು ವೈರಸ್ ತೆಗೆದರು, ಈ ಸೆಟ್ಟಿಂಗ್ ಬಿಟ್ಟರು. ರಸ್ತೆ ಕೆಲಸ ಮುಗಿದ ಮೇಲೂ ಡೈವರ್ಷನ್ ಬೋರ್ಡ್ ಹಾಗೇ ನಿಂತಿದ್ದರೆ ಬಸ್ಸು ಹೊಲಕ್ಕೆ ಇಳಿಯುತ್ತದಲ್ವಾ, ಹಾಗೆ.

ಪ್ರಾಕ್ಸಿ ಆಫ್ ಮಾಡಿದ, ಡಿಎನ್‌ಎಸ್ ಜಾಗದಲ್ಲಿ ರೌಟರ್ ನಂಬರ್ ಹಾಕಿದ, ಜಿಎಸ್‌ಟಿ ಪೋರ್ಟಲ್ ತೆರೆಯಿತು. ನಾನು ಖುಷಿಯಾಗಿ ಟೀ ತರಿಸಿದೆ. ಅವನು ಮಾತ್ರ ಏಳಲಿಲ್ಲ. 'ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡೋಣ' ಅಂದ. ಮಾಡಿದರೆ ಪ್ರಾಕ್ಸಿ ತಾನಾಗೇ ಮತ್ತೆ ಆನ್! ಹೊತ್ತಿಗೆ ಸರಿಯಾಗಿ ತಾನಾಗೇ ಕೆಲಸ ಮಾಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಅರ್ಥವಿಲ್ಲದ ಹೆಸರಿನ ಒಂದು ಕೆಲಸ ಉಳಿದುಕೊಂಡಿತ್ತು, ಸಿಸ್ಟಮ್ ಶುರುವಾದಾಗೆಲ್ಲ ಅದು ಪ್ರಾಕ್ಸಿಯನ್ನು ಮತ್ತೆ ಹಾಕುತ್ತಿತ್ತು. ಸುಮ್ನೆ ನೆಟ್ ಬಂತು ಅಂತ ಎದ್ದು ಹೋಗಿದ್ದರೆ ಸಂಜೆಗೆ ನಾನು ಮತ್ತೆ ಫೋನ್ ಮಾಡಬೇಕಿತ್ತು.

ಅದನ್ನು ಅಳಿಸಿದ ಮೇಲೆ ಹೋಸ್ಟ್ಸ್ ಫೈಲ್ ತೆರೆದು ನೋಡಿದ, ಯಾವ ಸೈಟಿಗೆ ಯಾವ ನಂಬರ್ ಅಂತ ಸಿಸ್ಟಮ್ ಒಳಗೇ ಬರೆದಿಡುವ ಪಟ್ಟಿ ಅದು. ಆಂಟಿವೈರಸ್ ಸೈಟುಗಳ ಹೆಸರು ಸಾಲಾಗಿ ಇದ್ದವು, ಎಲ್ಲಕ್ಕೂ 127.0.0.1 ಕೊಟ್ಟಿತ್ತು. ನಮ್ಮ ಆಂಟಿವೈರಸ್ ಅಪ್‌ಡೇಟ್ ಆಗದೇ ಇದ್ದದ್ದು ಇದಕ್ಕೇ! ಆಮೇಲೆ ವಿನ್‌ಸಾಕ್ (ನೆಟ್ ಬಳಸಲು ವಿಂಡೋಸ್‌ನಲ್ಲಿರುವ ಭಾಗ) ರೀಸೆಟ್, ಲ್ಯಾನ್ ಕೇಬಲ್ ಕಿತ್ತು ವಿಂಡೋಸ್‌ನದೇ ಆಂಟಿವೈರಸ್ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್. ಆ ಸ್ಕ್ಯಾನ್ ಕಾಲು ಗಂಟೆ ಹಿಡಿಯಿತು, ಏನೂ ಸಿಗಲಿಲ್ಲ. ರೌಟರ್ ಒಳಗೆ ಡಿಎನ್‌ಎಸ್ ಸರಿಯಿದೆಯಾ ಅಂತ ನೋಡಿ, ಕಂಪನಿಯಿಂದ ಬಂದಾಗಿನಿಂದ ಹಾಗೇ ಇದ್ದ ಅದರ ಪಾಸ್‌ವರ್ಡ್ ಬದಲಾಯಿಸಿದ. ಉಳಿದ ನಾಲ್ಕು ಸಿಸ್ಟಮ್‌ಗಳಲ್ಲೂ ಪ್ರಾಕ್ಸಿ, ಡಿಎನ್‌ಎಸ್ ಎರಡನ್ನೂ ನೋಡಿದ. ಬ್ಯಾಂಕ್, ಇಮೇಲ್, ಜಿಎಸ್‌ಟಿ ಪಾಸ್‌ವರ್ಡ್‌ಗಳನ್ನು ಇವತ್ತೇ ಬದಲಾಯಿಸಿ, ಮೊಬೈಲ್‌ನಿಂದ ಮಾಡಿ ಅಂತ ಎರಡು ಸಲ ಹೇಳಿದ. ನಾವು ಕೇಳದೇ ಇದ್ದದ್ದನ್ನು ಇಷ್ಟು ಮಾಡಿದ್ದಕ್ಕೆ ನಿಜವಾಗಲೂ ಋಣಿಯಾಗಿದ್ದೇನೆ.

ಎರಡು ಗಂಟೆಗೆ ಕೆಲಸ ಮುಗಿಯಿತು. 900 ರೂಪಾಯಿ ತಗೊಂಡ. ಮೂರಕ್ಕೆ ನಾವು ರಿಟರ್ನ್ ಹಾಕಲು ಕೂತೆವು, 20ರ ಸಂಜೆ ಹೊತ್ತಿಗೆ ಎಲ್ಲವೂ ಮುಗಿದಿತ್ತು.

ಇನ್ನು ಆ ಅರ್ಧ ಸ್ಟಾರ್. ಹಗಲು ಹೊತ್ತು ಇವರು ಫೋನ್ ಎತ್ತುವುದೇ ಅಪರೂಪ. ನಾನು ಮಧ್ಯಾಹ್ನದಿಂದ ನಾಲ್ಕು ಸಲ ಮಾಡಿದ ಮೇಲೆ ಸಿಕ್ಕಿದ್ದು ರಾತ್ರಿ ಒಂಬತ್ತಕ್ಕೆ. ಬಿಲ್ ಕೇಳಿದರೆ 'ನಾಳೆ ಕಳಿಸ್ತೀನಿ ಮೇಡಂ' ಅಂದವನು ವಾರದ ಮೇಲೆ ಕಳಿಸಿದ. ಆಫೀಸ್ ಖರ್ಚಿಗೆ ಬಿಲ್ ಬೇಕೇ ಬೇಕು, ಇದನ್ನು ಇವರು ಸರಿಮಾಡಿಕೊಳ್ಳಬೇಕು.

ಭಾನುವಾರ ರಜೆ. ಊರೊಳಗಾದರೆ ಆಫೀಸಿಗೇ ಬರುತ್ತಾರೆ. ಹೋಗುವುದಿದ್ದರೆ ಸಂಜೆ ಐದರ ಮೇಲೆ ಹೋಗಿ, ಆ ಹೊತ್ತಿಗೆ ಇಬ್ಬರೂ ಅಂಗಡಿಯಲ್ಲೇ ಇರುತ್ತಾರೆ.